ಸುರಿದವರಿಗೆ, ಅಳಿವೆಯ ಕಾವಲುಮನೆಯಿಂದ

ಕಡಲೇರಿದ ನೂರಾ ಹದಿನಾಲ್ಕನೆಯ ವರ್ಷ, ಕಲ್ಲು ಎತ್ತುವ ತಿಂಗಳು, ಒಂಬತ್ತನೆಯ ದಿನ. ನಿಮ್ಮ ಎಣಿಕೆಯಲ್ಲಿ 2197 ಇರಬಹುದು.

ಸುರಿದವರಿಗೆ,

ನಿಮ್ಮನ್ನು ಹೀಗೆ ಕರೆಯುವುದು ನಮ್ಮೂರಿನ ರೂಢಿ. ಬೇರೆ ಹೆಸರು ನಮಗೆ ತಿಳಿಯದು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೆ ಶರಾವತಿ ಅಳಿವೆಯ ಕಾವಲನ್ನು ಮೂವತ್ತೊಂದು ವರ್ಷ ನಡೆಸಿದವಳು. ಈ ದುರ್ಗಿ ಹರಿಕಾಂತಳ ಅಳತೆಯನ್ನು ಯಾರೂ ಎರಡನೇ ಸಲ ಅಳೆದು ನೋಡಿದ್ದಿಲ್ಲ. ಕೆಲಸ ಬಿಡುವ ಕಾವಲುಗಿತ್ತಿ ನಿಮಗೊಂದು ಪತ್ರ ಬರೆದು, ಚಿಪ್ಪು ತೂಗಿಬಿಡುವ ಹಳೆಯ ಪಂಜರಕ್ಕೆ ಕಟ್ಟಿ, ಅಳಿವೆಯಲ್ಲಿ ಮುಳುಗಿಸಬೇಕು. ನನ್ನ ಹಿಂದಿನವರೆಲ್ಲ ನಿಮ್ಮನ್ನು ಬೈದೇ ಬರೆದರಂತೆ. ನಾನೂ ಬೈಗುಳ ಕೂಡಿಟ್ಟುಕೊಂಡಿದ್ದೆ.

ನೀವು ಯಂತ್ರಗಳಿಗೆ ತುಂಬಿದ ಎಣ್ಣೆ, ಗದ್ದೆಗೆ ಹೊಡೆದ ಔಷಧಿ ಇನ್ನೂ ಇಲ್ಲಿನ ಕೆಸರಿನಲ್ಲಿವೆ. ಅವುಗಳ ವಿಷವನ್ನು ಕೊಬ್ಬುನಂಜು ಎನ್ನುತ್ತೇವೆ. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗಿ ಅಲ್ಲೇ ಕೂತುಬಿಡುತ್ತದೆ. ಕೆಸರಿನ ಹುಳದಲ್ಲಿ ಸಾಸಿವೆಯಷ್ಟು, ಹುಳ ತಿಂದ ಸಣ್ಣ ಮೀನಿನಲ್ಲಿ ಕಡಲೆಯಷ್ಟು, ಸಣ್ಣ ಮೀನುಗಳನ್ನು ವರ್ಷಗಟ್ಟಲೆ ನುಂಗಿದ ಮುದಿ ಕುರುಡೆ ಮೀನಿನ ಹೊಟ್ಟೆಯಲ್ಲಿ ತೆಂಗಿನಕಾಯಿಯಷ್ಟು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಹೆಂಗಸಿನ ಮೈಯಿಂದ ಅದು ಹೊರಬೀಳುವ ದೊಡ್ಡ ದಾರಿ ಎದೆಹಾಲು. ಚೊಚ್ಚಲ ಮಗುವಿನ ಪಾಲಿಗೇ ಹೆಚ್ಚು. ಅದಕ್ಕೆಂದೇ ನಮ್ಮಲ್ಲಿ ಹಾಲಳತೆ ಇದೆ. ಹೆರಿಗೆಯಾದ ಮೂರನೇ ದಿನ ಬಾಣಂತಿಯ ಹಾಲಿನ ನಂಜನ್ನು ಅಳೆಯುತ್ತಾರೆ. ಅಪಾಯದ ಗೆರೆ ದಾಟಿದರೆ ಆ ಹಾಲನ್ನು ಬೂದಿಗುಂಡಿಗೆ ಹಿಂಡಿ, ಮಗುವನ್ನು ಘಟ್ಟದ ಮೇಲಿನ ಹಾಲೂಡಿಸುವ ಹಾಲಮ್ಮಂದಿರ ಬಳಿ ಬಿಡುತ್ತಾರೆ.

ಅಳಿವೆಯನ್ನು ಅಳೆಯುವವು ಕಾವಲುಕಲ್ಲುಗಳು. ನೀವು ನೀಲಿಕಲ್ಲು ಎಂದು ತಿನ್ನುತ್ತಿದ್ದ ಚಿಪ್ಪುಮೀನುಗಳೇ ಅವು. ವರ್ಷವಿಡೀ ಪಂಜರದಲ್ಲಿ ತೂಗಿಬಿಟ್ಟು, ಮೊದಲ ಮಳೆಗೆ ಮುಂಚೆ, ಮೈ ತುಂಬಿಕೊಂಡಿದ್ದಾಗ ಎತ್ತಿ ನಂಜು ಅಳೆಯಬೇಕು. ಸಿಹಿನೀರು ತಾಗಿದೊಡನೆ ಅವು ಮೊಟ್ಟೆ ಬಿಟ್ಟು ಸೊರಗುತ್ತವೆ. ಕೊಬ್ಬಿನ ಜೊತೆ ನಂಜೂ ಹೋಗಿ, ಕೊಳಕು ಅಳಿವೆಯೂ ಶುದ್ಧವೆಂದು ತೋರುತ್ತದೆ.

ಕಳೆದ ವರ್ಷ ಕಲ್ಲು ಎತ್ತಲು ನಾನು ಶುಕ್ರವಾರ ಗೊತ್ತುಮಾಡಿದ್ದೆ. ಹವಾಮಾನದವರು ಮಳೆ ಬೇಗ ಬರುವುದೆಂದರು. ಆಕಾಶ ನೋಡಲು ನನಗೆ ಅವರು ಕಲಿಸಬೇಕಿಲ್ಲ ಎಂದೆ. ಮಳೆ ಬುಧವಾರವೇ ಬಂತು. ನಂಜು ಹೆಚ್ಚಾಗಿ ಅಳಿವೆಯ ಮೀನುಗಾರಿಕೆ ಆಗಲೇ ಎರಡು ವರ್ಷದಿಂದ ಮುಚ್ಚಿತ್ತು. ದೋಣಿಯ ಹೊನ್ನಪ್ಪ ದಿನವೂ ಬಾಗಿಲಿಗೆ ಬರುತ್ತಿದ್ದ. "ದುರ್ಗಕ್ಕ, ನಿನ್ನ ಕಲ್ಲಿಗೆ ಹೆರಿಗೆ ಆಗೂವರೆಗೆ ನಾವು ಗಂಜಿಗೆ ಉಪ್ಪು ನೆಕ್ಕಬೇಕನೇ?" ನಾನು ಶುಕ್ರವಾರವೇ ಎತ್ತಿದೆ. ಅಳತೆಯ ಪುಸ್ತಕದಲ್ಲಿ ಮಳೆಗೆ ಮುಂಚಿನ ಮಂಗಳವಾರದ ತಾರೀಖು ಬರೆದೆ. ಅಳತೆ ಗೆರೆಯ ಕೆಳಗೆ ಬಂತು.

ಅಳಿವೆ ತೆರೆದರೆ ಮೊದಲ ಕುರುಡೆಯ ಹೊಟ್ಟೆಭಾಗ ಕಾವಲುಮನೆಯ ಬಸುರಿಗೆ ಸಲ್ಲಬೇಕೆಂಬುದು ರೂಢಿ. ನನ್ನ ಮಗಳು ಮಾದೇವಿ ಚೊಚ್ಚಲ ಬಸುರಿ. ನಾನೇ ಮುಳ್ಳು ಬಿಡಿಸಿ ಬಡಿಸಿದೆ. ಆಮೇಲೆಯೂ ಅವಳು ಸಾಕೆನ್ನುವವರೆಗೆ ತಿಂಗಳುಗಟ್ಟಲೆ ಬಡಿಸಿದೆ.

ಅವಳ ಹಾಲಿನ ನಂಜು ಗೆರೆಗಿಂತ ನಾಲ್ಕು ಪಟ್ಟು ಬಂತು. ಪುಸ್ತಕದಲ್ಲಿ ಅಳಿವೆ ಶುದ್ಧವಿದ್ದ ಮೇಲೆ ತಪ್ಪು ಯಾರದ್ದು? ನಂಜಿನಿಂದಾಗಿ ಮುಚ್ಚಿದ್ದ ಹಳೇ ಬಂದರುಗುಂಡಿಯ ಮೀನನ್ನು ಅವಳು ಬಾಯಿಚಪಲಕ್ಕೆ ಕದ್ದು ತಿಂದಿದ್ದಾಳೆ ಎಂದು ಊರು ತೀರ್ಮಾನಿಸಿತು. ಸಭೆಯಲ್ಲಿ ಅವಳು ನನ್ನತ್ತ ತಿರುಗಿದಳು. "ಆಯಿ, ನೀ ಬಡಿಸಿದ್ದು ಬಿಟ್ಟು ನಾ ಬೇರೆ ಎಂತದೂ ತಿನ್ನಲಿಲ್ಲ. ನೀನಾದ್ರೂ ಹೇಳು."

ನಾನು ಸೆರಗು ಸರಿಮಾಡಿಕೊಂಡೆ. ಮಗುವನ್ನೆತ್ತಿಕೊಂಡು ಅವಳು ಘಟ್ಟದ ದೋಣಿ ಹತ್ತಿದಳು. ಆರು ತಿಂಗಳಾಯಿತು.

ಈ ವರ್ಷ ಕಲ್ಲುಗಳನ್ನು ಹೊತ್ತಿಗೆ ಸರಿಯಾಗಿ ಎತ್ತಿದೆ. ಅಳತೆ ಗೆರೆ ದಾಟಿತು. ನಂಜು ಹೊಸದಾಗಿ ಬಂದಿದೆ ಎಂದು ಊರು ನಂಬಲು ಸಿದ್ಧವಿತ್ತು. ನಾನು ಸುಮ್ಮನಿದ್ದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ಮಗಳ ಹೆಸರು ಹಾಗೇ ಕೆಟ್ಟಿರುತ್ತಿತ್ತು. ಹಳೆಯ ಪುಸ್ತಕ ತರಿಸಿ, ಎಲ್ಲರೆದುರು ಮಂಗಳವಾರವನ್ನು ಹೊಡೆದುಹಾಕಿ ಶುಕ್ರವಾರ ಎಂದು ಬರೆದೆ. ಯಾರೂ ನನ್ನನ್ನು ಬೈಯಲಿಲ್ಲ. ಹೊನ್ನಪ್ಪ ಮಾತ್ರ ನೆಲ ನೋಡುತ್ತ, "ಹಂಗಾರೆ ಆ ಹುಡುಗಿಗೆ ನಾವು ಅಂದದ್ದು?" ಎಂದ. ನಾನು ಕಾವಲುಮನೆಯ ಕೀಲಿಕೈ ಮೇಜಿನ ಮೇಲಿಟ್ಟೆ.

ಹಾಗಾಗಿ ನಿಮ್ಮನ್ನು ಬೈಯುವ ಬಾಯಿ ನನಗೆ ಉಳಿದಿಲ್ಲ. ಒಂದು ಕೇಳಿಕೆ ಇದೆ. ನೀವು ಹೂತಿಟ್ಟ ಪೀಪಾಯಿಗಳು ಈಗಲೂ ನಮಗೆ ಸಿಗುತ್ತವೆ. ಒಂದರ ಮೇಲೂ ಒಳಗೇನಿದೆ, ಯಾವಾಗ ಹೂತದ್ದು ಎಂದು ಬರೆದಿಲ್ಲ. ಕಂಡಲ್ಲೆಲ್ಲ ತೆರೆದು ನೋಡಬೇಕಾಗುತ್ತದೆ. ಸುರಿಯಬೇಡಿ ಎಂದರೆ ನೀವು ಕೇಳುವವರಲ್ಲ. ಏನನ್ನು ಯಾವ ದಿನ ಎಲ್ಲಿ ಬಿಟ್ಟಿರೆಂದು ಬರೆದಿಡಿ. ನಿಜವಾದ ತಾರೀಖನ್ನೇ ಬರೆಯಿರಿ.

ತಿದ್ದಿದ ಪುಟದ ನಕಲನ್ನು ಸೋಮವಾರ ಮಾದೇವಿಗೆ ಕಳಿಸಿದ್ದೇನೆ. ಘಟ್ಟದ ದೋಣಿ ಇವತ್ತು ಬಂತು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅಕ್ಕಿಯ ಮೂಟೆಗಳನ್ನಷ್ಟೇ ಇಳಿಸಿ ತಿರುಗಿ ಹೋಯಿತು. ಮುಂದಿನದು ಶುಕ್ರವಾರ. ಅದಕ್ಕೆ ಮೊದಲು ಪಂಜರ ಮುಳುಗಿಸಿ ಬರುತ್ತೇನೆ.

ದುರ್ಗಿ ಹರಿಕಾಂತ