ಎರಡು ತಲೆ ಹಾವು ನೆಕ್ಕಿದವರು

ದೇವದುರ್ಗ, ೧೯೮೧

ಅಸ್ಮತ್,

ನಿನ್ನ ವಿಳಾಸ ನನ್ನ ಬಳಿ ಇಲ್ಲ. ಕೈಮೇಲೆ ತೊನ್ನು ಮೂಡಿದ್ದಕ್ಕೆ ಅತ್ತೆ ಮೂರು ತಿಂಗಳಿಂದ ನನ್ನನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದಾಳೆ. ಹೊಲದಲ್ಲಿ ಎರಡು ತಲೆ ಹಾವು ನೆಕ್ಕಿತಂತೆ. ಮಗಳನ್ನೂ ಮುಟ್ಟಗೊಡುವುದಿಲ್ಲ.

ಇವತ್ತು ನರ್ಸಮ್ಮ ಬಂದು ನನ್ನ ಕೈ ಹಿಡಿದುಕೊಂಡೇ ಕೂತರು. "ಆ ಹಾವಿಗೆ ಇರೋದು ಒಂದೇ ತಲಿ. ಇನ್ನೊಂದು ಮೊಂಡು ಬಾಲ. ಅದು ನೆಕ್ಕಿದ್ರ ತೊನ್ನು ಬರಂಗಿಲ್ಲ, ಮುಟ್ಟಿದ್ರೂ ಹತ್ತಂಗಿಲ್ಲ," ಅಂದರು.

"ಅದೆಲ್ಲ ಪುಸ್ತಕದ ಮಾತ್ರೀ," ಅಂದಳು ಅತ್ತೆ. ಅವರು ಹೋದೊಡನೆ ಹೊರಗಿನಿಂದ ಚಿಲಕ ಹಾಕಿದಳು.

ಮಾನ್ವಿಯ ಶಾಲೆಯಲ್ಲಿ ನಿನ್ನ ತುಟಿಯ ಮೇಲೆ ಇದೇ ಬಿಳಿ ಕಲೆ ಕಂಡಾಗ, "ಹಾವು ನೆಕ್ಕ್ಯಾದ" ಅಂತ ಬೆಂಚಿನಿಂದ ಮೊದಲು ಎದ್ದವಳು ನಾನು. ಮರುದಿನದಿಂದ ನೀನು ಬರಲಿಲ್ಲ. ನಿಮ್ಮ ಮನೆ ನಮ್ಮ ಓಣಿಯಲ್ಲೇ ಇತ್ತು. ನಾನು ಕರೆಯಲು ಬರಲಿಲ್ಲ.

ಆದೆಮ್ಮ