ವಿಭೂತಿಯ ಕೆಳಗಿನ ಹೆಸರು

ಚಾಮರಾಜನಗರ

ಅಪ್ಪಾಜಿಗೆ ನಮಸ್ಕಾರ.

ಹಿಂದೆಂದೋ ನಮ್ಮ ಸೀಮೆಯಲ್ಲಿ ಕಣ್ಮರೆಯಾದ ಪಾದ್ರಿಯೊಬ್ಬರನ್ನು ಹುಡುಕುವ ನನ್ನ ಸಾಕ್ಷ್ಯಚಿತ್ರದಿಂದ ಅಜ್ಜಿಯ ದೃಶ್ಯ ತೆಗೆಯಬೇಕೆಂದು ಹೇಳಿಕಳಿಸಿದ್ದೀರಿ. ತೆಗೆಯುವುದಿಲ್ಲ.

ಭೀಮನಬೀಡಿನ ನಮ್ಮ ಹೊಲದ ಕಲ್ಲಿಗೆ ಅಜ್ಜಿ ಪ್ರತಿ ಸೋಮವಾರ ವಿಭೂತಿ ಹಚ್ಚುವುದು ಊರಿಗೇ ಗೊತ್ತು. ಚಿತ್ರೀಕರಣಕ್ಕೆಂದು ನಾನು ಅದನ್ನು ತೊಳೆದಾಗ ಕೆಳಗೆ ಶಿಲುಬೆಯೂ ಆ ಪಾದ್ರಿಯ ಹೆಸರೂ ಕಂಡವು. ಇನ್ನು ಅತ್ತ ಹೋಗಕೂಡದೆಂದು ನೀವು ಅಜ್ಜಿಗೆ ಗದರಿದಿರಿ. ಅವರು ಮಾತ್ರ ನನ್ನ ಕ್ಯಾಮೆರಾದ ಮುಂದೆಯೇ, "ಯಾರಾದ್ರೇನು, ನಮ್ ಮಕ್ಳುಮರೀನೆಲ್ಲ ಕಾಯ್ದವ್ನು ಕಣಮ್ಮಿ" ಎನ್ನುತ್ತ ಮತ್ತೆ ವಿಭೂತಿ ಬಳಿದರು.

ಭಾನುವಾರ ಗುಂಡ್ಲುಪೇಟೆಯಲ್ಲಿ ಪ್ರದರ್ಶನ. ಅಜ್ಜಿಯನ್ನು ನೀವೇ ಕರೆತನ್ನಿ, ಮುಂದಿನ ಸಾಲಿನಲ್ಲಿ ಇಬ್ಬರಿಗೂ ಜಾಗ ಹಿಡಿದಿರುತ್ತೇನೆ. ನಿಮ್ಮ ಮೊದಲ ಮುಡಿ ತೆಗೆಸಿದ್ದೂ ಆ ಕಲ್ಲಿನ ಮುಂದೆಯೇ ಎಂದು ಅಜ್ಜಿ ಪರದೆಯ ಮೇಲೆ ಹೇಳುವಾಗ ನೀವು ಅಲ್ಲಿರಬೇಕು.

ನಿಮ್ಮ ಮಗಳು,
ನಯನಾ