ಬಾಗಿಲು ಮುಚ್ಚಿದ್ದು ಗಾಳಿ

ನಾಕ್‌ಬ್ರ್ಯಾಕ್, ಮೇಯೋ
ಸೋಮವಾರ, ಅಕ್ಟೋಬರ್ 14, 2019

ಕೊಲ್ಮನ್,

ಕಾದಂಬರಿಯಲ್ಲಿ ಹೆಸರು ಬದಲಿಸುತ್ತೇನೆ ಅಂದೆ ನೀನು, ಬದಲಿಸಲಿಲ್ಲ. ಅಚ್ಚಿಗೆ ಮುಂಚೆ ಓದಲು ಕೊಡುತ್ತೇನೆ ಅಂದೆ, ಕೊಡಲಿಲ್ಲ. ಬಿಡುಗಡೆ ನಮ್ಮೂರ ಸಭಾಭವನದಲ್ಲೇ ಅಂದೆ, ಡಬ್ಲಿನ್ನಿನ ಹೋಟೆಲಿನಲ್ಲಿ ವೈನ್ ಹಂಚಿ ಮುಗಿಸಿದೆ. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ ಅಂತ ಅವಳ ಕೈ ಹಿಡಿದು ಮಾತು ಕೊಟ್ಟೆ. ತಲೆಕೆಳಗು ಮಾಡಿ ಬರೆದೆ.

ಚೆನ್ನಾಗಿದ್ದೀಯ ಅಂದುಕೊಳ್ಳುತ್ತೇನೆ. ಕಾಗದ ತಡವಾಯಿತು. ಬರೆಯುವುದು, ಓದುವುದು, ಒಲೆಗೆ ಹಾಕುವುದು, ಇದೇ ಆಗಿತ್ತು. ಅಕ್ಷರ ವಕ್ರವಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡ, ಬೆರಳು ಮರಗಟ್ಟಿವೆ. ಮುಂಬಾಗಿಲು ತೆರೆದಿದೆ, ಗಾಳಿ ನೇರ ಅಡುಗೆಮನೆಗೇ ನುಗ್ಗುತ್ತಿದೆ. ಯಾಕೆ ತೆರೆದಿದೆ ಅಂತ ಕೊನೆಗೆ ಹೇಳುತ್ತೇನೆ.

ನಿನಗೆ ಗೊತ್ತಿರುವ ಕಥೆಯನ್ನೇ ಮತ್ತೆ ಬರೆಯುತ್ತೇನೆ, ನೀನು ಮರೆತ ಹಾಗಿದೆ. ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದ ಎರಡನೇ ವರ್ಷ ಜಮೀನ್ದಾರನ ಆಳುಗಳು ನನ್ನ ಮುತ್ತಜ್ಜಿಯ ತಾಯಿ ಓನೋರಾಳ ಗುಡಿಸಲಿಗೆ ಬಂದರು. ಒಲೆಗೆ ನೀರು ಸುರಿದರು, ಒಲೆ ಆರಿದರೆ ಮನೆ ಜಮೀನ್ದಾರನದು ಅಂತ ಲೆಕ್ಕ. ಅವರು ನೀರು ಸುರಿಯುವ ಮುಂಚೆಯೇ ಅವಳು ಒಂದು ಕೆಂಡ ಕಬ್ಬಿಣದ ಮಡಕೆಗೆ ಹಾಕಿಕೊಂಡಿದ್ದಳು. ಮೂರು ಮಕ್ಕಳನ್ನು ಕರೆದುಕೊಂಡು ಪಕ್ಕದ ಮನೆ ಬಾಗಿಲು ತಟ್ಟಿದಳು. ಹೊರಹಾಕಿದವರಿಗೆ ಯಾರು ಜಾಗ ಕೊಟ್ಟರೂ ಅವರನ್ನೂ ಹೊರಹಾಕುತ್ತೇವೆ ಅಂತ ಡಂಗುರ ಹೊಡೆಸಿದ್ದರು. ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡರು. ಓನೋರಾ ಮಕ್ಕಳ ಜೊತೆ ಬೇಲಿ ಪಕ್ಕದ ಹಳ್ಳದಲ್ಲಿ ಕೆಂಡದ ಸುತ್ತ ಮಲಗಿದಳು. ಎರಡು ಮಕ್ಕಳು ಉಳಿದವು. ಕೈಗೂಸು ಉಳಿಯಲಿಲ್ಲ.

ಯಾರ ಬಾಗಿಲು ಅಂತ ನಮ್ಮ ಮನೆಯಲ್ಲಿ ಹೇಳುವ ರೂಢಿ ಇಲ್ಲ. ಮಕ್ಕಳು ಕೇಳಿದರೆ, "ಗಾಳಿ ಮುಚ್ತು ಕಣೇ," ಅನ್ನುತ್ತಿದ್ದರು. ಅಕ್ಕಪಕ್ಕ ಬಾಳಬೇಕು, ಒಂದೇ ಇಗರ್ಜಿಗೆ ಹೋಗಬೇಕು, ಒಂದೇ ಜವುಗಿನಲ್ಲಿ ಒಲೆಗೆ ಪೀಟ್ ಮಣ್ಣು ಕಡಿಯಬೇಕು. ಹೆದರಿದವರ ಹೆಸರು ಹಿಡಿಯಬಾರದು, ಹೆದರಿಸಿದವನ ಹೆಸರು ಮರೆಯಬಾರದು. ನಾನು ಚಳವಳಿ ಕಲಿತದ್ದು ಈ ಒಂದು ಮಾತಿನಿಂದ.

ನಿನಗೆ ಮಾತ್ರ ಅಮ್ಮ ಬಾಯಿಬಿಟ್ಟಳು. ಬ್ಯಾಂಕಿನವರು ಜನರನ್ನು ಮನೆಯಿಂದ ಎಳೆಯಲು ಬಂದಾಗ ನಾವಿಬ್ಬರೂ ಆ ಹೊಸ್ತಿಲುಗಳ ಮೇಲೆ ತೋಳಿಗೆ ತೋಳು ಹೆಣೆದು ಕೂತವರು. ಅದಕ್ಕೇ ನಂಬಿದಳು. ಚಹಾ ಬಸಿದುಕೊಟ್ಟು, "ಮಗಾ, ಅದು ನಿಮ್ಮ ಲವೆಲ್ ಮನೆ ಬಾಗ್ಲು. ನಿಮ್ಮೋರು ಹೆದರಿದ್ರು, ಅಷ್ಟೇ. ನಾಚ್ಕೋಬೇಡ. ನಮ್ಮಲ್ಲಿ ಯಾರೂ ಮನಸ್ಸಲ್ಲಿಟ್ಕೊಂಡಿಲ್ಲ," ಅಂದಳು. ನೀನು ಅತ್ತುಬಿಟ್ಟೆ. ಆ ಅಳುವನ್ನು ನಾನು ನಂಬಿದೆ.

ಈಗ ನಿನ್ನ ಕಾದಂಬರಿಯಲ್ಲಿ ಕೆಂಡ ಹೊತ್ತು ಬರುವವಳು ಲವೆಲ್ ಹೆಂಗಸು. ಬಾಗಿಲು ಹಾಕುವವಳು ಹೆಶನ್ ಹೆಂಗಸು. ನಮ್ಮ ಹೆಸರು, ನಮ್ಮೂರು, ನಮ್ಮ ಮನೆ ಮುಂದಿನ ಕಂದುಬಣ್ಣದ ಕಲ್ಲು ಕೂಡ.

ಫೋನಿನಲ್ಲಿ ಏನಂದೆ ನೆನಪಿದೆಯಾ? "ಅದು ಕಾದಂಬರಿ ಕಣೇ ಅಟ್ರಾಕ್ಟಾ. ಬಾಗ್ಲು ಹಾಕೋಳು ಒಬ್ಳು ಬೇಕಿತ್ತು."

"ನಿಮ್ಮಜ್ಜಿಯ ಅಜ್ಜಿ ಇದ್ಲಲ್ಲೋ," ಅಂದೆ ನಾನು. ನೀನು ಫೋನ್ ಇಟ್ಟೆ.

ಇತಿಹಾಸದ ಕಾದಂಬರಿ ಬರೆಯುವ ನೀವೆಲ್ಲ ಬಾಡಿಗೆ ಕಾರಿನಲ್ಲಿ ಬರುತ್ತೀರಿ. ನಮ್ಮ ಚಹಾ ಕುಡಿಯುತ್ತೀರಿ, ನಮ್ಮ ಸತ್ತವರನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತೀರಿ. ನಿನ್ನ ಪುಸ್ತಕದಲ್ಲಿ ಜಮೀನ್ದಾರನಿಗೆ ಪಿಯಾನೋ ಇದೆ, ಕಾಯಿಲೆಯ ಹೆಂಡತಿ ಇದ್ದಾಳೆ, ಅವನ ದುಃಖಕ್ಕೆ ಒಂದು ಇಡೀ ಅಧ್ಯಾಯ ಇದೆ. ಹಳ್ಳದಲ್ಲಿ ಸತ್ತ ಕೂಸಿಗೆ ಒಂದು ಸಾಲು. ಅವನ ತಪ್ಪನ್ನು ನೆರೆಮನೆಯ ಹೆಂಗಸಿನ ತಲೆಗೆ ಕಟ್ಟಿ, ಅವನಿಗೆ ಕಣ್ಣೀರು ಕೊಟ್ಟಿದ್ದೀಯ. ಅವನು ನಮ್ಮ ನೆಲ ಕಿತ್ತುಕೊಂಡ. ಬಿಟ್ಟುಹೋಗಿದ್ದನ್ನು ನೀನು ಕಿತ್ತುಕೊಂಡೆ.

ಊರಿನ ಸುದ್ದಿ ಕೇಳು. ಮಾಂಸದಂಗಡಿಯ ಮಾರ್ಟಿ ಗಿರಾಕಿಗಳ ಮುಂದೆಯೇ, "ಏನಕ್ಕಾ, ಮಳೆ ಬಂದ್ರೆ ನಿಮ್ಮನೆ ಬಾಗ್ಲು ತಟ್ಬಹುದಾ, ಇಲ್ಲ ಹಳ್ಳಾನೇ ವಾಸಿನಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕು, "ನೀನು ತಟ್ಟಿದ್ರೆ ಮಾತ್ರ ಹಳ್ಳ ಕಣೋ," ಅಂದೆ. ಮಾಂಸ ಕೊಳ್ಳದೆ ಮನೆಗೆ ಬಂದೆ. ಮನೆ ಉಳಿಸುವ ಸಮಿತಿಯ ಹುಡುಗಿಯೊಬ್ಬಳು ಹೊಸಬಳು, ಪಾಪ, "ನಿಮ್ಮ ಮನೆತನದ ಪ್ರಾಯಶ್ಚಿತ್ತಕ್ಕೇನಾ ನೀವು ಚಳವಳಿಗೆ ಬಂದಿದ್ದು?" ಅಂತ ಗೌರವದಿಂದಲೇ ಕೇಳಿದಳು.

ಶನಿವಾರ ಸಂಜೆ ಏಳಕ್ಕೆ ನಮ್ಮೂರ ಗ್ರಂಥಾಲಯದಲ್ಲಿ ನಿನ್ನ ಓದು ಅಂತ ಚೀಟಿ ಅಂಟಿಸಿದ್ದಾರೆ. ಎದ್ದು ನಿಂತು ಕೂಗುವುದು ನನಗೆ ಬರುತ್ತದೆ, ನಿನಗೂ ಗೊತ್ತು. ಆದರೆ ನಿನ್ನ ಮನೆಯ ಹೆಸರು ನನ್ನ ಬಾಯಿಂದ ಬರುವುದಿಲ್ಲ. ನಮ್ಮವರು ಇಷ್ಟು ತಲೆಮಾರು ಕಾಪಾಡಿದ ಮಾತನ್ನು ನಿನ್ನ ಮೇಲಿನ ಸಿಟ್ಟಿಗೆ ಮುರಿಯಲಾರೆ. ಆ ಹೆಸರನ್ನು ಲವೆಲ್ ಬಾಯಿಯೇ ಹೇಳಬೇಕು.

ನಿನ್ನ ಒಲೆ ಆರದಿರಲಿ, ಕೊಲ್ಮನ್. ಇದನ್ನು ಶಾಪವಾಗಿ ಬರೆಯಲು ಕೂತೆ. ಕೈ ಹರಸಿತು, ರೂಢಿ.

ಅಟ್ರಾಕ್ಟಾ ಹೆಶನ್

ತಾ. ಕ. ಬಾಗಿಲ ವಿಷಯ. ಅಮ್ಮನಿಗೆ ಈಗ ನೆನಪು ನಿಲ್ಲುವುದಿಲ್ಲ, ತಾನು ಹೇಳಿದ ಕಥೆಯೂ ಮರೆತಿದೆ, ಇದನ್ನು ನಿನಗೆ ತಿಳಿಸಿರಲಿಲ್ಲ. ನನಗೆ ಗೊತ್ತಾಗುವ ಮುಂಚೆ ಭೂತಗನ್ನಡಿ ಹಿಡಿದು ನಿನ್ನ ಪುಸ್ತಕ ಪೂರ್ತಿ ಓದಿದ್ದಾಳೆ. ಅಂದಿನಿಂದ ಬಾಗಿಲು ಮುಚ್ಚಲು ಬಿಡುತ್ತಿಲ್ಲ. ಶಾಲು ಹೊದ್ದು ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡು, ದಾರಿಯಲ್ಲಿ ಹೋಗುವವರನ್ನೆಲ್ಲ ಒಳಗೆ ಬನ್ನಿ ಅಂತ ಕರೆಯುತ್ತಾಳೆ. "ನಾವೇನಾ ಮುಚ್ಚಿದ್ದು, ಅಟ್ರಾಕ್ಟಾ? ಕೂಸು ಸತ್ತಿದ್ದು ನಮ್ಮಿಂದಾನಾ?" ಅನ್ನುತ್ತಾಳೆ. ಅಲ್ಲಮ್ಮ, ಗಾಳಿ ಮುಚ್ಚಿದ್ದು ಅಂದರೆ, "ಗಾಳಿಗೆ ಅಗುಳಿ ಹಾಕೋಕೆ ಬರುತ್ತೇನೇ? ಕೊಲ್ಮನ್ ಓದಿದೋನು, ಸುಳ್ಳು ಬರೀತಾನಾ?" ಅಂತ ನನ್ನನ್ನೇ ಬೈಯುತ್ತಾಳೆ. ನನ್ನ ಮಾತು ನಂಬುವುದಿಲ್ಲ. ನಿನ್ನದನ್ನು ನಂಬುತ್ತಾಳೆ. ಗ್ರಂಥಾಲಯಕ್ಕೆ ಹೋಗುವ ಮುಂಚೆ ಇಲ್ಲಿಗೆ ಬಾ, ಅವಳ ಮುಂದೆ ಕೂತು ಯಾರ ಬಾಗಿಲು ಅಂತ ನಿನ್ನ ಬಾಯಿಂದ ಹೇಳು. ತಟ್ಟುವ ಕೆಲಸವಿಲ್ಲ. ಹತ್ತೊಂಬತ್ತನೇ ತಾರೀಕು, ಶನಿವಾರ, ಸಂಜೆ ನಾಲ್ಕು ಗಂಟೆ.